ಸುಮಯ್ಯಳ ಪ್ರೀ-ಟೆಸ್ಟ್

12-08-1996, ಸೋಮವಾರ
ಚಾಮರಾಜನಗರದಿಂದ ಅದೇ ಏಳೂವರೆ ಬಸ್ಸು. ಗುಂಡ್ಲುಪೇಟೆವರೆಗೂ ನಿಂತೇ ಬಂದೆ. ಎಂ.ಎಡ್. ಮಾಡು ಅಂತ ಯಾರೂ ಕತ್ತು ಹಿಡಿದು ನೂಕಿರಲಿಲ್ಲ, ನನಗೇ ಬೇಕಿತ್ತು.
ಇಲ್ಲಿನ ಶಾಲೆಯ ಏಳನೇ ಕ್ಲಾಸು, ಮೂವತ್ತು ಮಕ್ಕಳು. ಭಿನ್ನರಾಶಿಗೆ ನಾನೇ ಹಂತಹಂತವಾಗಿ ವಿನ್ಯಾಸ ಮಾಡಿದ ಹತ್ತು ಪಾಠ. ಪಾಠಕ್ಕೆ ಮೊದಲು ಪ್ರೀ-ಟೆಸ್ಟ್, ಮುಗಿದ ಮೇಲೆ ಪೋಸ್ಟ್-ಟೆಸ್ಟ್. ಎರಡರ ನಡುವೆ ನಂಬರ್ ಎಷ್ಟು ಏರಿತು ಅನ್ನೋದೇ ನನ್ನ ಡಿಸರ್ಟೇಶನ್.
ಇವತ್ತು ಪ್ರೀ-ಟೆಸ್ಟ್. ಎಲ್ಲರಿಗೂ ಎರಡು, ಮೂರು. ಖುಷಿಯಾಯಿತು, ಏನೂ ಬರಲ್ಲ! ಸುಮಯ್ಯ ಒಬ್ಬಳು ಮಾತ್ರ ಇಪ್ಪತ್ತಕ್ಕೆ ಹತ್ತೊಂಬತ್ತು. ಹೊಟ್ಟೆ ಉರಿಯಿತು. ಅಪ್ಪ ಟೈಲರ್ ಕಲಂದರ್. ಟೇಪು ಹಿಡಿದೇ ಕಾಲು, ಮುಕ್ಕಾಲು ಎಲ್ಲ ಕಲಿತಿದ್ದಾಳೆ.

14-08
ಮೈಸೂರು. ನನ್ನ ಗೈಡ್ ಶಿವರುದ್ರಸ್ವಾಮಿ ಸರ್: "ಅವಳನ್ನ ಬಿಟ್ಟರೆ ಇಪ್ಪತ್ತೊಂಬತ್ತಾಗುತ್ತೆ. ಮೂವತ್ತು ಬೇಕೇ ಬೇಕು. ಆದರೆ ಹತ್ತೊಂಬತ್ತರಿಂದ ಏರೋದಾದರೂ ಎಲ್ಲಿಗಮ್ಮ? ನೀವೇ ನೋಡಿ." ಕಾಫಿ ಕುಡಿದರು. "ಹಾಂ, ಪ್ರೀ-ಟೆಸ್ಟ್‌ಗೆ ಪೋಷಕರ ಸಹಿ ಇರಲಿ. ನಂಬಿಕೆ ಬರುತ್ತೆ."
ಮಗು ಕಲಿಯದಿದ್ದರೆ ತಪ್ಪು ಮಗುವಿನದಲ್ಲ, ಪಾಠ ವಿನ್ಯಾಸ ಮಾಡಿದವರದು. ಇವರೇ ಕ್ಲಾಸಿನಲ್ಲಿ ಬರೆಸಿದ್ದು. ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೇನೆ.

16-08
ಸುಮಯ್ಯಳನ್ನು ಸ್ಟಾಫ್ ರೂಮಿಗೆ ಕರೆದೆ.
"ಇನ್ನೊಂದ್ಸಲ ಬರಿ. ತಪ್ಪು ಬರಿ."
"ಯಾಕ್ ಮಿಸ್?"
"ಹೇಳಿದಷ್ಟು ಮಾಡು."
"ನಂಬರ್ ಬಂದ್ರೆ ಮಾತ್ರ ಎಂಟ್ನೇ ಕ್ಲಾಸಿಗೆ ಕಳಿಸ್ತೀನಿ ಅಂದವ್ರೆ ನಮ್ ಅಬ್ಬಾ..."
"ಇದು ಲೆಕ್ಕಕ್ಕಿಲ್ಲದ ಟೆಸ್ಟು ಕಣೆ."
ತಪ್ಪು ಬರೆಯೋಕೆ ಪಾಪ, ಎಷ್ಟು ಕಷ್ಟಪಟ್ಟಳು! ಬರೆದು ಬರೆದು ಅಳಿಸಿದಳು. ಸೊನ್ನೆ ಹಾಕಿದೆ. ಹಳೇ ಪೇಪರ್ ಹರಿದು ಟೀ ಒಲೆಗೆ.
ಸಂಜೆ ಸಹಿಗೆ ಪೇಪರ್ ಹಂಚಬೇಕು. ಇವಳದ್ದು ಕೊಡಬಾರದು ಅಂತ ಎತ್ತಿಟ್ಟೆ. ಒಂದು ಸಹಿ ಕಡಿಮೆ ಬೀಳುತ್ತಲ್ಲ... ಕೊಟ್ಟು ಕಳಿಸಿದೆ.

19-08
ಕಲಂದರ್ ಮಗಳ ಕೈ ಹಿಡಿದುಕೊಂಡು ಬಂದರು.
"ಸೈನ್ ಹಾಕಿವ್ನಿ ಮೇಡಂ. ನನ್ ಪಕ್ದಲ್ಲಿ ಕೂತು ಮುಕ್ಕಾಲಿಂಚು ಕಣ್ಣಲ್ಲೇ ಅಳೀತಾಳೆ. ಇಸ್ಕೂಲಲ್ಲಿ ಸೊನ್ನೆ! ಇನ್ಯಾಕ್ ಕಳಿಸ್ಲಿ? ಮಿಷಿನ್ ಮುಂದೆ ಕೂತ್ಕೊಳ್ಲಿ ಬುಡಿ."
ಸುಮಯ್ಯ ನನ್ನನ್ನೇ ನೋಡುತ್ತಿದ್ದಳು. ನನ್ನ ಒಂದೇ ಮಾತು ಸಾಕಿತ್ತು. ಆಡಿದ್ದರೆ ಡಿಗ್ರಿ ಹೋಗುತ್ತಿತ್ತು.
"ಸೆಪ್ಟೆಂಬರ್ ಇಪ್ಪತ್ತಕ್ಕೆ ಒಂದಿನ ಕಳಿಸಿ. ಪೋಸ್ಟ್-ಟೆಸ್ಟ್ ಇದೆ" ಅಂದೆ.
ನಾಚಿಕೆ ಆಗಬೇಕು ನನಗೆ. ಆಯಿತು ಕೂಡ, ಬಸ್ ಸ್ಟ್ಯಾಂಡಿನವರೆಗೆ.

20-09, ಶುಕ್ರವಾರ
ಹತ್ತು ಪಾಠ ಮುಗಿದವು. ಸುಮಯ್ಯ ಒಂದಕ್ಕೂ ಇರಲಿಲ್ಲ. ಹಾಜರಿ ನಾನೇ ತುಂಬಿದೆ.
ಇವತ್ತು ಬಂದಳು. ತೋರುಬೆರಳಿಗೆ ಬಟ್ಟೆ ಸುತ್ತಿತ್ತು, ಮಿಷಿನ್ ಸೂಜಿ ಹೊಕ್ಕಿದೆಯಂತೆ. ಪೇಪರ್ ಕೊಟ್ಟೆ. ಎಲ್ಲರೂ ಬರೆಯಲು ಶುರು ಮಾಡಿದರು, ಇವಳು ಎದ್ದು ನಿಂತಳು.
"ಮಿಸ್, ಈ ಸಲ ಸರಿ ಬರೀಲಾ, ತಪ್ಪು ಬರೀಲಾ?"
ಇಡೀ ಕ್ಲಾಸು ತಲೆ ಎತ್ತಿತು.
"ಸರಿ ಬರಿ."
ಇಪ್ಪತ್ತಕ್ಕೆ ಇಪ್ಪತ್ತು. ಸೊನ್ನೆಯಿಂದ ಇಪ್ಪತ್ತು! ಮೂವತ್ತರಲ್ಲಿ ಇವಳದ್ದೇ ಹೆಚ್ಚಿನ ಏರಿಕೆ. ಸರ್ ಕುಣಿದಾಡುತ್ತಾರೆ.
ಹೊರಡುವಾಗ ಕೈ ಚಾಚಿದಳು. "ಕೊಡಿ ಮಿಸ್. ಅಬ್ಬಾ ಹತ್ರ ಸೈನ್ ಹಾಕಿಸ್ಕೊಂಡ್ ಬತ್ತೀನಿ."
"ಇದಕ್ಕೆ ಸಹಿ ಬೇಡ" ಅಂದೆ.
ಹೇಗೆ ಕೊಡಲಿ? ಒಂದು ಪಾಠಕ್ಕೂ ಕೂರದ ಹುಡುಗಿ ಇಪ್ಪತ್ತು ಹೇಗೆ ತಗೊಂಡಳು ಅಂತ ಕಲಂದರ್ ಕೇಳಿದರೆ—