ಸುಟ್ಟ ಕಲೆಯೋ, ಆರನೇ ಬೆರಳೋ

೧೯ ಫೆಬ್ರವರಿ ೧೯೮೯, ರವಿವಾರ

ಬೆಳಿಗ್ಗೆಯಿಂದ ದ್ರಾಕ್ಷಿ ಕಟಾವು. ಮಿರಜದ ವ್ಯಾಪಾರಿಯ ಟೆಂಪೋ ಬಂದು ನಿಂತಿದೆ. ಪೆಟ್ಟಿಗೆಗೆ ಕಾಗದ ಹಾಸುವ ಕೆಲಸ ನನ್ನ ಪಾಲಿಗೆ. ಟೆಂತ್ ಹುಡುಗಿಯರ ಬಯಾಲಜಿ ಪೇಪರು ತಿದ್ದುವುದು ಹಾಗೇ ಉಳಿದಿದೆ. ಉಳಿಯಲಿ, ಹಾಳಾದ್ದು.

ಹನ್ನೊಂದರ ಸುಮಾರಿಗೆ ಇವರು ಬಾವಿ ಕಡೆಯ ಸಾಲಿನಿಂದ ಕೂಗಿದರು. "ಸುಂದರಾ, ಜಲ್ದಿ ಬಾ ಇಲ್ಲೆ!" ಹಾವು ಎಂದುಕೊಂಡು ಓಡಿದೆ. ಹಾವಲ್ಲ, ಒಂದು ಕೊಂಬೆ. ಅದರಲ್ಲಿ ನಾಲ್ಕೈದು ಗೊನೆ. ಕಾಯಿ ಉದ್ದಕ್ಕೆ, ಉತ್ತತ್ತಿಯ ಹಾಗೆ! ಅದೇ ಬಳ್ಳಿಯ ಉಳಿದ ಕೊಂಬೆಗಳಲ್ಲಿ ಮಾಮೂಲಿ ಗಿಡ್ಡ ಕಾಯಿ. ಒಂದೇ ಬೇರು, ಒಂದೇ ನೀರು. ಕೊಂಬೆ ಮಾತ್ರ ಬೇರೆ.

ಹನ್ನೆರಡು ವರ್ಷದಿಂದ ಈ ತೋಟದಲ್ಲಿ ಬೆನ್ನು ಬಗ್ಗಿಸಿದ ಮನುಷ್ಯ. "ಹಿಂತಾದ್ದ ನಾ ಎಂದೂ ನೋಡಿಲ್ಲ" ಎನ್ನುತ್ತ ಬಾಯಿ ತೆರೆದು ನಿಂತಿದ್ದರು. ನಾನು ಮನೆಗೆ ಓಡಿದೆ. ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಹರಿದು ಆ ಕೊಂಬೆಗೆ ಗುರುತು ಕಟ್ಟಿದೆ.

೨೧ ಫೆಬ್ರವರಿ

ಭಾವನಿಗೆ ಗೊನೆ ತೋರಿಸಿದೆವು. ಮನೆಯ ಹಿರಿಯರು, ಕಬ್ಬಿನ ಮನುಷ್ಯ. ದ್ರಾಕ್ಷಿ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ತಿರುಗಿಸಿ ನೋಡಿದರು, ಒಂದು ಕಾಯಿ ಬಾಯಿಗೆ ಹಾಕಿಕೊಂಡರು.

"ಜಿ.ಎ. ಹೆಚ್ಚಿಗಿ ಬಿದ್ದೈತಿ, ಮತ್ತೇನಿಲ್ಲ. ಆ ಕೊಂಬಿ ಎರಡ ಸಲ ಅದ್ದಿರಬೇಕ ನೀ. ನಿನ್ನ ಲಕ್ಷ್ಯ ಎಲ್ಲಿರತೈತೋ ಆ ದೇವರಿಗೇ ಗೊತ್ತ, ಧರೆಪ್ಪಾ."

ಕಾಯಿ ದಪ್ಪವಾಗಲೆಂದು ಎಳೆಗೊನೆಗಳನ್ನು ಜಿ.ಎ. ಔಷಧದ ನೀರಲ್ಲಿ ಅದ್ದುತ್ತೇವೆ. ಅದು ಹೆಚ್ಚಾದರೆ ಕಾಯಿ ಉದ್ದಕ್ಕೆ ಎಳೆಯುವುದೂ ನಿಜ. ಭಾವ ಹೇಳಿದ್ದನ್ನು ತೆಗೆದುಹಾಕುವ ಹಾಗಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಇವರು "ಇಲ್ಲಣ್ಣಾ, ಒಂದಽ ಸಲ ಅದ್ದೇನಿ" ಎಂದರು.

"ಹಂಗಾರ ಮುಂದಿನ ಪೀಕಿನಾಗ ಔಷಧ ಹಚ್ಚಲಾರದ ಅದಽ ಕಾಯಿ ತೋರಸ್. ತೋಟಾ ಇಡೂಣು. ಇಲ್ಲಂದ್ರ ಕಿತ್ತ ಒಗದ ಕಬ್ಬ ಹಚ್ಚತೇನಿ. ಮತ್ತ ನನ್ನ ಮುಂದ ಅಳಬ್ಯಾಡ."

೫ ಮಾರ್ಚ್

ಅತ್ತೆಯ ಎಡಗೈ ನೋಡುತ್ತ ಕುಳಿತಿದ್ದೆ. ರೊಟ್ಟಿ ಬಡಿಯುತ್ತಿದ್ದರು. ಹೆಬ್ಬೆರಳ ಪಕ್ಕ ಒಂದು ಪುಟ್ಟ ಆರನೇ ಬೆರಳು. ಮಣಿಕಟ್ಟಿನ ಮೇಲೆ ಅಗಲವಾದ ಸುಟ್ಟ ಕಲೆ — ಚಿಕ್ಕವರಿದ್ದಾಗ ಗಾಣದ ಮನೆಯಲ್ಲಿ ಕುದಿಯುವ ಬೆಲ್ಲ ಸಿಡಿದದ್ದು. ಭಾವ ಹುಟ್ಟುತ್ತಲೇ ಆರನೇ ಬೆರಳು ತಂದರು. ಕಲೆ ತರಲಿಲ್ಲ!

ಎರಡೂ ಒಂದೇ ಕೈಯಲ್ಲಿವೆ. ಒಂದು ಮೈಗೆ ಆದದ್ದು, ಅಲ್ಲಿಗೇ ಮುಗಿಯಿತು. ಇನ್ನೊಂದು ಜೀನಿನಲ್ಲೇ ಬರೆದದ್ದು, ಮಗನಿಗೆ ಹೋಯಿತು. ಹಾಗಾದರೆ ಆ ಕೊಂಬೆಯದು ಯಾವುದು? ಔಷಧದ ಕಲೆಯೋ, ಆರನೇ ಬೆರಳೋ?

"ಏನ ನೋಡ್ತಿಯವ್ವಾ ಹಂಗ? ರೊಟ್ಟಿ ಸೀದೀತು" ಎಂದು ಅತ್ತೆ ಗದರಿದರು. ಹೇಳಿದೆ. "ನನ್ನ ಕೈಗೂ ಸಾಲಿ ಹಚ್ಚಿದೇನ ನೀ!" ಎಂದು ನಕ್ಕರು. ಇವರಿಗೆ ಯಾಕೆ ಆ ಬೆರಳು ಬರಲಿಲ್ಲ ಎಂದು ಕೇಳಿದರು. ಅತ್ತೆಯ ಹತ್ತಿರ ಆ ಜೀನು ಎರಡು ನಮೂನೆಯದು ಇದ್ದಿರಬೇಕು, ಭಾವನಿಗೆ ಒಂದು ಹೋಯಿತು, ಇವರಿಗೆ ಇನ್ನೊಂದು, ಎಂದೆ. ಇದ್ದೂ ಕಾಣಿಸಿಕೊಳ್ಳದೆ ಕೂರುವುದೂ ಉಂಟಂತೆ. ಪೂರ್ತಿ ನನಗೂ ಗೊತ್ತಿಲ್ಲ.

೧೮ ಮಾರ್ಚ್

ಬಿ.ಎಸ್ಸಿ. ಪುಸ್ತಕ ಅಟ್ಟದಿಂದ ಇಳಿಸಿದೆ. ಇಲಿ ಅರ್ಧ ತಿಂದಿದೆ. ಉಳಿದರ್ಧದಲ್ಲಿ ಸಿಕ್ಕಿತು — ಮೊಗ್ಗಿನ ಮ್ಯುಟೇಶನ್ನು. ಹತ್ತೇ ಸಾಲು. ಅಂದು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆವು.

ನಮ್ಮ ದ್ರಾಕ್ಷಿಗೆ ಬೀಜವಿಲ್ಲ. ಕಡ್ಡಿ ನೆಟ್ಟೇ ಬಳ್ಳಿ ಮಾಡುವುದು. ನಮ್ಮ ಕಡ್ಡಿ ತಾಸಗಾಂವದಿಂದ ಬಂತು, ಅಲ್ಲಿಗೆ ಇನ್ನೆಲ್ಲಿಂದಲೋ. ಅಂದರೆ ತೋಟದ ಅಷ್ಟೂ ಬಳ್ಳಿ ತಾಯಿ-ಮಕ್ಕಳಲ್ಲ. ಒಂದೇ ಬಳ್ಳಿ, ತುಂಡುತುಂಡಾಗಿ ಊರೂರಲ್ಲಿ ನಿಂತಿದೆ! ಇದು ಹೊಳೆದಾಗ ಅನ್ನ ಉಕ್ಕಿದ್ದೂ ತಿಳಿಯಲಿಲ್ಲ.

ಒಂದೇ ಆದರೆ ಬೇರೆ ಕಾಯಿ ಹೇಗೆ? ಮೊಗ್ಗಿನ ಒಂದು ಜೀವಕೋಶ ತನ್ನ ನಕಲು ತೆಗೆಯುವಾಗ ತಪ್ಪಿತು. ಆ ಮೊಗ್ಗು ಕೊಂಬೆಯಾಯಿತು, ತಪ್ಪು ಕೊಂಬೆಯ ತುಂಬ ಹೋಯಿತು. ನಮ್ಮ ಕ್ಲಾಸಿನಲ್ಲೂ ಹಾಗೆಯೇ. ಒಬ್ಬಳು ನೋಟ್ಸು ತಪ್ಪಿ ಬರೆದರೆ ಹಿಂದಿನ ಬೆಂಚಿನವರೆಲ್ಲ ಅದನ್ನೇ ಬರೆಯುತ್ತಾರೆ.

ಹಾಗಿದ್ದರೆ ಆ ಕೊಂಬೆಯ ಕಡ್ಡಿ ನೆಟ್ಟರೆ ಉದ್ದ ಕಾಯಿಯೇ ಬರಬೇಕು. ಬಂದರೆ ಹೊಸ ತಳಿ. ಇವರಿಗೆ ಹೇಳಿದೆ. ಎದ್ದು ಹೋಗಿ ಆ ಬಳ್ಳಿಗೆ ಎರಡು ಕೊಡ ನೀರು ಹೆಚ್ಚಿಗೆ ಹಾಕಿ ಬಂದರು.

೧೧ ಏಪ್ರಿಲ್

ಬೇಸಿಗೆಯ ಕತ್ತರಿ ಕೆಲಸ ಮುಗಿಯಿತು. ಆ ಬಳ್ಳಿಯನ್ನು ಇವರು ಯಾರಿಗೂ ಮುಟ್ಟಗೊಡಲಿಲ್ಲ. ಸ್ವತಃ ಕತ್ತರಿಸಿದರು. ಕಡ್ಡಿ ನೆಡಲು ಅಕ್ಟೋಬರ್ ಕತ್ತರಿಯ ಬಲಿತ ಕಡ್ಡಿಯೇ ಆಗಬೇಕಂತೆ. ಕಾಯಬೇಕು. ನನಗೆ ಕಾಯುವುದು ಬರುವುದಿಲ್ಲ.

೨೪ ಅಕ್ಟೋಬರ್, ಮಂಗಳವಾರ



ಕತ್ತರಿ ಹಾಕಲು ತಾಸಗಾಂವ ಕಡೆಯ ತುಕಾರಾಮನ ಗುಂಪು ನಾಳೆ ಬರಬೇಕಿತ್ತು. ಇವತ್ತೇ ಬಂದಿದೆ. ನಾನು ಶಾಲೆಯಲ್ಲಿ. ಇವರು ಮೈಲುತುತ್ತ ತರಲು ಅಥಣಿಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಕೊಂಬೆ ಇಲ್ಲ. ಬುಡದಲ್ಲಿ ಒಂದು ಮೋಟು.

"ಬಾಯಿ, ನಮ್ಮ ಕಡೆ ಅರಿವಿ ಕಟ್ಟಿದ ಕೊಂಬಿ ಅಂದ್ರ ರೋಗದ್ದು ಅಂತ. ಬುಡಾಸಕಟ ಕಡದ ತಗೀತೇವು. ಮಾಲಕ ವಿಸರಲಾ ಅಸೇಲ್, ಮರತಿರಬೇಕ ಅಂತ ನಾನಽ ಎಲ್ಲಾಕ್ಕಿಂತ ಮೊದಲ ಅದನ್ನ ತಗದ್ನಿ" ಎಂದ ತುಕಾರಾಮ.

ಶಾಭಾಸ್ ಅನ್ನಿಸಿಕೊಳ್ಳಲು ನಿಂತವನ ಮುಖ. ಏನೆಂದು ಬೈಯುವುದು? ಅವನ ಕಡೆಯ ತೋಟಗಳಲ್ಲಿ ಅದೇ ರೂಢಿಯಂತೆ. ಕೆಂಪು ಅರಿವೆ ಕಟ್ಟಿದ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ಇವರು ಮೋಟಿನ ಮೇಲೆ ಕೈ ಇಟ್ಟುಕೊಂಡು ಕುಳಿತುಬಿಟ್ಟರು. ಅತ್ತುಬಿಟ್ಟೆ, ತುಕಾರಾಮನ ಎದುರಿಗೇ.

೨೫ ಅಕ್ಟೋಬರ್

ಕಡಿದದ್ದನ್ನೆಲ್ಲ ಒಲೆಗಾಗಲೆಂದು ಮೊಳದುದ್ದ ತುಂಡು ಮಾಡಿ ಬದುವಿಗೆ ಒಟ್ಟಿದ್ದಾರೆ. ಎಲೆ ತಿನ್ನಲು ಮಾಳಸಿದ್ದನ ಕುರಿ, ಆಡು ಆಗಲೇ ಹೊಕ್ಕಿದ್ದವು. ಅರಿವೆಯಾದರೂ ಸಿಕ್ಕೀತೆಂದು ಕೆದಕಿದೆ.

"ಕೆಂಪನ ಅರಿವಿರಿ? ಅದನ್ನ ಆಡ ತಿಂತಲ್ರಿ ಅಕ್ಕೋರ" ಎಂದ ಮಾಳಸಿದ್ದ. ನಗು ತಡೆಯಲು ಒದ್ದಾಡುತ್ತಿದ್ದ.

ತುಂಡುಗಳೆಲ್ಲ ಒಂದೇ ತರಹ. ಬಣ್ಣ ಒಂದೇ, ಗಂಟು ಒಂದೇ. ಅವುಗಳಲ್ಲಿ ಕೆಲವು ಆ ಕೊಂಬೆಯವು. ಯಾವುವು? ಬಾವಿ ಸಾಲಿನ ರಾಶಿಯಿಂದ ಚಿಗುರುವ ಕಣ್ಣು ಚೆನ್ನಾಗಿದ್ದವನ್ನೆಲ್ಲ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ನೆಟ್ಟೆವು. ಅತ್ತೆಯೂ ಬಂದು ಕುಳಿತರು.

"ಯಾವ ಕಡ್ಡ್ಯಾಗ ಏನೈತಿ ಅಂತ ನೋಡಿದ್ರ ತಿಳಿಯೂದಿಲ್ಲೇನ?"

"ಇಲ್ಲತ್ತಿ. ಕಾಯಿ ಬಿಟ್ಟಮ್ಯಾಲನಽ."

"ಎಷ್ಟ ದಿನಾ?"

"ಎರಡ ವರ್ಷ ಬೇಕು."

"ಕನ್ಯಾ ನೋಡಾಕ ಬಂದವ್ರೂ ಇಷ್ಟ ತಡಾ ಮಾಡೂದಿಲ್ಲ ಬಿಡವ್ವಾ."

೧೪ ಡಿಸೆಂಬರ್

ಅರ್ಧಕ್ಕರ್ಧ ಚಿಗುರಿವೆ. ದಿನಾ ಮೂಸಿ ನೋಡುತ್ತೇನೆ, ಎಲೆ ಅಳೆಯುತ್ತೇನೆ. ಒಂದು ವ್ಯತ್ಯಾಸವೂ ಕಾಣದು. ಒಳಗೆ ಗುಟ್ಟು ಇಟ್ಟುಕೊಂಡು ಎಷ್ಟು ಸಾಧುವಾಗಿ ನಿಂತಿವೆ, ಕಳ್ಳವು.

೨೫ ಫೆಬ್ರವರಿ ೧೯೯೦

ಈ ಸಲದ ಪೀಕಿನಲ್ಲಿ ತೋಟದ ತುಂಬ ಗಿಡ್ಡ ಕಾಯಿ. ಮೋಟಿನಿಂದ ಬಂದ ಚಿಗುರು ಗೊನೆಯನ್ನೇ ಬಿಡಲಿಲ್ಲ. ಭಾವನ ಮುಂದೆ ಇಡಲು ನಮ್ಮ ಕೈಯಲ್ಲಿ ಏನೂ ಇಲ್ಲ. ಚೀಲದ ಸಸಿಗಳು ಕಾಯಿ ಬಿಡುವವರೆಗೆ ತಡೆಯಿರಿ ಎಂದು ಕೇಳಿದೆ.

"ಅಕ್ಕೋರ, ಆಡಿದ ಮಾತ ಮುಗೀತು. ಇನ್ನ ನಾ ಕಾಯಾಂವಲ್ಲ" ಎಂದರು ಭಾವ, ಟೀಚರಮ್ಮ ಎಂದು ಕೊಂಕು ಎತ್ತುವ ಹಾಗೆ.

ಚಾವಡಿಯಲ್ಲಿ ಕೂರುವವರು ಇವರಿಗೊಂದು ಹೆಸರು ಇಟ್ಟಿದ್ದಾರೆ: ಉತ್ತತ್ತಿ ಧರೆಪ್ಪ. ಮಗಳು ಶಾಲೆಯಿಂದ ಅಳುತ್ತ ಬಂದಳು. ಇವರು ಸುಳ್ಳು ಹೇಳಿದರೆಂದೇ ಊರ ಮಾತು. ಹೋದ ವರ್ಷದ ಉದ್ದ ಕಾಯಿ ಎಲ್ಲರ ಬಾಯಲ್ಲಿ ಕರಗಿಹೋಯಿತು. ತಿಂದವರೇ ಈಗ ನಗುತ್ತಾರೆ.

೧೬ ಏಪ್ರಿಲ್

ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಕಿತ್ತರು. ಇವರು ಹೊರಗೆ ಬರಲಿಲ್ಲ. ನಾನು ಹೋಗಿ ನಿಂತೆ, ಕೊನೆಯ ಸಾಲಿನ ತನಕ.

ಉಳಿದ ಸಸಿಗಳಲ್ಲಿ ಹಿತ್ತಲಿಗೆ ಹಿಡಿಸಿದ್ದು ಹತ್ತು-ಹನ್ನೊಂದು. ಯಾವುದನ್ನು ಇಡುವುದು, ಯಾವುದನ್ನು ಬಿಡುವುದು? ಆರಿಸಲು ಗುರುತೇ ಇಲ್ಲ. ಕಣ್ಣಿಗೆ ಬಿದ್ದವನ್ನು ನೆಟ್ಟೆವು. ಒಂದಿಷ್ಟು ರಾಯಬಾಗಕ್ಕೆ, ತವರಿಗೆ ಒಯ್ದೆ. ತಮ್ಮ ಭೀಮಸಿ ಕಬ್ಬು ಬಿಟ್ಟರೆ ಬೇರೆ ಬೆಳೆ ಕಂಡವನಲ್ಲ. "ಎಮ್ಮಿಗೆ ನೆರಳಾದೀತ ತಗೋ ಅಕ್ಕಾ" ಎಂದು ಇಟ್ಟುಕೊಂಡ. ಏನು, ಎತ್ತ ಎಂದು ನಾನೂ ಹೇಳಲಿಲ್ಲ. ಅವನೂ ಇವರನ್ನು ನೋಡಿ ನಗುವುದು ಬೇಡವಾಗಿತ್ತು.

೮ ನವೆಂಬರ್ ೧೯೯೧

ಎಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ... ಬರೆಯಲು ಏನಿತ್ತು, ಬರೀ ಕಬ್ಬು. ಇವರು ಟ್ರ್ಯಾಕ್ಟರ್ ಓಡಿಸುತ್ತಾರೆ. ಊಟದ ಹೊತ್ತಿಗೆ ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ.

ಹಿತ್ತಲ ಬಳ್ಳಿಗಳಿಗೆ ಇವರು ಹೋದ ತಿಂಗಳೇ ಕತ್ತರಿ ಹಾಕಿದ್ದರು. ದೀಪಾವಳಿಗೆ ತವರಿಗೆ ಹೋದಾಗ ಅಲ್ಲಿನವಕ್ಕೆ ನಾನೇ ಹಾಕಿ ಬಂದೆ. ಬದುಕಿರುವುದು ನಾಲ್ಕೇ. ಕೈಯೆಲ್ಲ ಬೊಬ್ಬೆ. ಸರಿಯಾಗಿ ಕತ್ತರಿಸಿದೆನೋ ಇಲ್ಲವೋ.

೨೬ ಜನವರಿ ೧೯೯೨, ರವಿವಾರ

ಶಾಲೆಯ ಝೆಂಡಾವಂದನೆ ಮುಗಿಸಿ ಬಂದೆ. ಇವರು ಹಿತ್ತಲಲ್ಲಿದ್ದರು. ಮೊದಲ ಕಾಯಿ. ಔಷಧ ಮುಟ್ಟಿಸಿಲ್ಲ, ಅದ್ದಿಲ್ಲ. ಒಂದೊಂದೇ ಗೊನೆ ಎತ್ತಿ ನೋಡುತ್ತ ಬಂದೆವು. ಗಿಡ್ಡ. ಗಿಡ್ಡ. ಇದೂ ಗಿಡ್ಡ. ಗೋಡೆ ಬದಿಯದಾದರೂ... ಗಿಡ್ಡ.

"ಅಣ್ಣ ಅಂದದ್ದಽ ಖರೆ ಇರಬೇಕ ಸುಂದರಾ. ನಾನಽ ಎರಡ ಸಲ ಅದ್ದಿದ್ನೇನೋ. ಈಗ ನನಗಽ ನೆಪ್ಪ ಹಾರ್ತೈತಿ."

ಊರು ನಕ್ಕಾಗಲೂ ಈ ಮನುಷ್ಯ ಹೀಗೆ ಅಂದವರಲ್ಲ. "ಇವು ಆ ಕೊಂಬಿ ಕಡ್ಡಿ ಅಲ್ಲ ಅಂತ ಆತು, ಅಷ್ಟಽರಿ. ಆ ಕೊಂಬಿ ಸುಳ್ಳ ಅಂತ ಹೆಂಗಾದೀತು?" ಎಂದು ಜಗಳಕ್ಕೇ ನಿಂತೆ. ತವರಿನವು ಇನ್ನೂ ಇವೆ ಎಂದೆ. "ಸಾಕ ಬಿಡು" ಎಂದರು. ಪ್ರಿಪರೇಟರಿ ಪರೀಕ್ಷೆ ಬೇರೆ, ಮಾರ್ಚ್ ತನಕ ನನಗೆ ಕಾಲು ಕಿತ್ತಿಡಲು ಬರುವುದಿಲ್ಲ.

೨೩ ಫೆಬ್ರವರಿ, ರವಿವಾರ, ಸಂಜೆ ಐದೂವರೆ

ಭೀಮಸಿ ಬಂದಿದ್ದಾನೆ. ಕುಡಚಿಯಲ್ಲಿ ಯಾರದೋ ಮದುವೆಯ ಮಾತುಕತೆ ಇತ್ತಂತೆ, ಹಾಗೇ ಇತ್ತ ಬಂದ. ಕಟ್ಟೆಯ ಮೇಲೆ ಭಾವ ಚಹಾ ಕುಡಿಯುತ್ತಿದ್ದರು. ಇವರು ಎತ್ತಿಗೆ ಮೇವು ಹಾಕುತ್ತಿದ್ದರು. ಭೀಮಸಿ ಕುಳಿತವನೇ ತಕರಾರು ತೆಗೆದ.

"ಅಕ್ಕಾ, ನೀ ಕೊಟ್ಟ ದ್ರಾಕ್ಷಿ ನೆಟ್ಟಗಿಲ್ಲ ನೋಡ. ಮೂರ ಬಳ್ಳಿ ಚೊಲೋ ಅದಾವು. ಬಚ್ಚಲ ಕಡೀದೊಂದ ಕೆಟ್ಟೈತಿ. ಎಲ್ಲಾರಂಗ ಆಗವಲ್ದು ಕಾಯಿ, ಯಾರೋ ಹಿಡದ ಎಳದಂಗ ಉದ್ದ ಆಗ್ಯಾವು."

ಭಾವ ಚಹಾದ ಬಶಿ ಕೆಳಗಿಟ್ಟರು.

"ಜಿ.ಎ. ಎಷ್ಟ ಹಾಕಿದ್ದಿಪಾ?"

"ಜಿ.ಎ. ಅಂದ್ರ ಏನರಿ ಅದು? ಎಮ್ಮಿ ಗಂಜಳಾ ಹರೀತೈತಿ ಅಲ್ಲೆ, ಅಷ್ಟಽ."

ಭಾವ ತಲೆ ತಗ್ಗಿಸಿ ಕುಳಿತರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ: "ಧರೆಪ್ಪಾ, ನಿಂದ ಖರೆ ಇತ್ತಪಾ. ನಾ ಸುಮ್ಮನ ನಿನ್ನ ಬಾಯಿ ಮುಚ್ಚಿಸಿದ್ನಿ."

ಇವರ ಕೈಯಿಂದ ಮೇವು ಜಾರಿತು. ಅಷ್ಟರಲ್ಲಿ ಭೀಮಸಿ, "ಮತ್ತ ರೋಗ ಗೀಗ ಇದ್ರ ಉಳದವ್ಕೂ ಹತ್ತೀತಲ್ಲಾ, ಮುಂಜಾನೆ ಕಡದ ಒಗಿ ಅಂತ ಆಳಮನಷ್ಯಾಗ ಹೇಳಿ ಬಂದೇನಿ" ಎಂದ.

ಕಿರುಚಿದೆನಂತೆ ನಾನು. ನನಗೆ ನೆನಪಿಲ್ಲ. ಭಾವ ಆಗಲೇ ರಾಜದೂತ್ ಮೋಟಾರ್ ಸೈಕಲ್ಲಿನ ಕಿಕ್ ಒದೆಯುತ್ತಿದ್ದರು. "ಹತ್ತಲೇ!" ಇವರು ಅಂಗಿಯೂ ಇಲ್ಲದೆ, ಬರೀ ಬನಿಯನ್ನಲ್ಲಿ, ಹಿಂದೆ ಹತ್ತಿದರು. ಭೀಮಸಿ ಬೆಪ್ಪಾಗಿ ಕುಳಿತಿದ್ದಾನೆ. ಅವನಿಗೆ ಅವಲಕ್ಕಿ ಕೊಡಬೇಕು.

೨೪ ಫೆಬ್ರವರಿ, ಬೆಳಿಗ್ಗೆ ಒಂಬತ್ತು

ಬಂದರು! ಬಳ್ಳಿ ಇದೆ. ಆಳು ಬರುವ ಮೊದಲೇ ಇವರು ಬಳ್ಳಿಯ ಬುಡದಲ್ಲಿ ಹೋಗಿ ಕುಳಿತಿದ್ದರಂತೆ.

ಭಾವ ಗಾಡಿ ನಿಲ್ಲಿಸುತ್ತಲೇ ಅಂದರು: "ಬಾವಿ ಕಡೀ ಕಬ್ಬ ಕಡದಮ್ಯಾಲ ಕೂಳಿ ಮತ್ತ ಚಿಗರಾಕ ಬಿಡೂದ ಬ್ಯಾಡ ಧರೆಪ್ಪಾ. ಆ ಹೊಲಾ ನಿನ್ನ ಬಳ್ಳಿಗೆ ಇರಲಿ." ಇವರು ಗಾಡಿಯಿಂದ ಇಳಿದರು. ಬನಿಯನ್ ಮೇಲೆ ತವರಲ್ಲಿ ಸಿಕ್ಕ ಭೀಮಸಿಯ ಅಂಗಿ, ಗುಂಡಿ ಹತ್ತಿಲ್ಲ. ನನ್ನೆದುರಿಗೆ ಬಂದು ಒಂದು ಗೊನೆಯನ್ನು ನನ್ನ ಕೈಯಲ್ಲಿಟ್ಟರು. ಕಣ್ಣು ಕೆಂಪಗಿದ್ದವು. "ನಾ ಒಂದಽ ಸಲ ಅದ್ದಿದ್ನಿ, ಸುಂದರಾ" ಎಂದರು.

ಎರಡು ಗೊನೆ ತಂದಿದ್ದಾರೆ. ಒಂದನ್ನು ಅತ್ತೆ ದೇವರ ಮುಂದೆ ಇಟ್ಟಾಯಿತು. ಇನ್ನೊಂದು ಟೇಬಲ್ಲಿನ ಮೇಲಿದೆ, ಈ ಪುಟದ ಪಕ್ಕದಲ್ಲೇ. ಉದ್ದ. ಸಣ್ಣವು, ಇನ್ನೂ ಹಸಿರು, ಆದರೆ ಉದ್ದ. ಒಂದು ಬಾಯಿಗೆ ಹಾಕಿಕೊಂಡೆ. ಅಯ್ಯೋ ಹುಳಿ! ಒಳಗೆ ಬೀಜದ ಸುಳಿವೇನಾದರೂ ಇದೆಯೋ, ಅದೂ ಬದಲಾಗಿದೆಯೋ, ಸೀಳಿ ನೋಡಬೇಕು. ಬ್ಲೇಡು ಇಲ್ಲೇ ಎಲ್ಲೋ ಇತ್ತು —