ಒಳಗಿನಿಂದ ತೆರೆಯುವ ಬಾಗಿಲು

ಶಕ ೨೩೧೧, ಸೌಮ್ಯ ಸಂವತ್ಸರ, ಕಾರ್ತಿಕ ಹುಣ್ಣಿಮೆ
ಬಿಳಿಬಯಲು, ಉತ್ತರ ಸೀಮೆ

ಗಾಳಿಯಂತ್ರದ ನಕ್ಷೆ ಬರೆಯುತ್ತ ಕುಳಿತಿರುವ ಹಿರಿಯರಿಗೆ, ನೀಲಾಂಬಿಕೆ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರದೋ ಕುಚೋದ್ಯವೆಂದು ಪತ್ರವನ್ನು ಬಿಸಾಡಬೇಡಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮಲ್ಲಿ ಒಂದು ಮನೆತನಕ್ಕೆ ಒಂದೇ ಒಂದು ಹಿನ್ನೋಲೆ ಬರೆಯುವ ಹಕ್ಕಿದೆ. ಹಿನ್ನೋಲೆ ಎಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ. ಮುನ್ನೂರು ವರ್ಷಕ್ಕಿಂತ ಈಚೆಗೆ ಅದು ತಲುಪುವುದಿಲ್ಲ. ತಲುಪುವಂತಿದ್ದರೆ ನಿಮಗೇಕೆ ಬರೆಯುತ್ತಿದ್ದೆ? ನನ್ನ ಗಂಡನಿಗೇ ಬರೆಯುತ್ತಿದ್ದೆ.

ನಾವು ಮೂಲತಃ ರಾಯಚೂರು ಸೀಮೆಯವರು. ಅಲ್ಲಿನ ಬಿಸಿಲು ತಾಳಲಾರದೆ ನಮ್ಮ ಮುತ್ತಾತಂದಿರು ಈ ಹಿಮದ ಬಯಲಿಗೆ ಬಂದರು. ಬಾಣಲೆಯಿಂದ ಬೆಂಕಿಗೆ ಬಿದ್ದವರುಂಟು, ಬೆಂಕಿಯಿಂದ ಹಿಮಕ್ಕೆ ಬಿದ್ದವರು ನಾವೇ ಇರಬೇಕು. ಇಲ್ಲಿ ಊರೆಂದರೆ ಒಂದೇ ಸೂರು. ಇನ್ನೂರು ಮನೆಗಳು ಒಂದೇ ಗೋಡೆಯೊಳಗಿವೆ. ಕಿಟಕಿ ತೆರೆಯುವಂತಿಲ್ಲ, ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ. ಆದ್ದರಿಂದ ಊರಿಗೆಲ್ಲ ಗಾಳಿ ಕೊಡುವುದು ಉಸಿರುಮನೆ, ಅಂದರೆ ನೀವು ಈಗ ನಕ್ಷೆ ಬರೆಯುತ್ತಿರುವ ಆ ಯಂತ್ರ. ನಮ್ಮ ಹಳಸಿದ ಉಸಿರು ಹೊರಗೆ ಹೋಗುವಾಗ ತೆಳು ತಗಡುಗಳಿಗೆ ತನ್ನ ಬಿಸಿಯನ್ನು ಕೊಟ್ಟು ಹೋಗುತ್ತದೆ, ಒಳಗೆ ಬರುವ ಹೊಸ ಗಾಳಿ ಆ ಬಿಸಿಯನ್ನು ಪಡೆದುಕೊಂಡು ಬರುತ್ತದೆ. ಎಂಥ ಚಂದದ ಯೋಚನೆ! ಹೋಗುವವರು ಬರುವವರಿಗೆ ಬಿಟ್ಟು ಹೋಗುವುದು ಲೋಕರೂಢಿ, ಅದನ್ನು ನೀವು ತಗಡಿಗೂ ಕಲಿಸಿದಿರಿ. ನಿಮ್ಮ ನಕ್ಷೆಯನ್ನೇ ತಲೆಮಾರುಗಳಿಂದ ನಕಲು ಮಾಡುತ್ತ ಬಂದಿದ್ದೇವೆ. ನನ್ನ ಮನೆಯವರು ಅಮರಗುಂಡ ಈ ಉಸಿರುಮನೆಯನ್ನು ನೋಡಿಕೊಳ್ಳುತ್ತಿದ್ದರು. ನಿಮ್ಮನ್ನು ಬಾಯಿತುಂಬ ಹೊಗಳುತ್ತಿದ್ದರು. ನನ್ನ ಅಡುಗೆಯನ್ನೂ ಅಷ್ಟು ಹೊಗಳಿದವರಲ್ಲ.

ಹೊರಹೋಗುವ ಉಸಿರಿನ ತೇವ ಆ ತಗಡುಗಳ ಮೇಲೆ ಹೆಪ್ಪುಗಟ್ಟುತ್ತದೆಂದು ನೀವು ಬಲ್ಲಿರಿ. ಅದನ್ನು ಆಗಾಗ ಕರಗಿಸುವ ಏರ್ಪಾಡನ್ನೂ ಮಾಡಿದ್ದೀರಿ. ಉಸಿರಿನ ತೇವ, ಅಡುಗೆಯ ತೇವ, ಒಣಹಾಕಿದ ಬಟ್ಟೆಯ ತೇವ ಎಲ್ಲವೂ ನಿಮ್ಮ ಲೆಕ್ಕದಲ್ಲಿವೆ. ಆದರೆ ಹಿರಿಯರೇ, ನಮ್ಮ ಹಬ್ಬ ಅದರಲ್ಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬ ನಿಮಗೆ ಗೊತ್ತಿರಲೇಬೇಕು. ಸಂಜೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬುತ್ತೇವೆ. ಮುಂಜಾನೆ ಎಲ್ಲರೂ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುತ್ತಾರೆ. ಹಿಂದೆಲ್ಲ ನೀರು ಸಾಲದೆ ಓಣಿಗೊಂದು ದಿನವೆಂದು ಪಾಳಿ ಇತ್ತು. ಈ ವರ್ಷ ಹೊಸ ಕೊಳವೆ ಬಂತು, ಹಿಮ ಕರಗಿಸಿದ ನೀರು ಬೇಕಾದಷ್ಟು ಸಿಕ್ಕಿತು. ಪೂರ್ವಜರಂತೆ ಎಲ್ಲರೂ ಒಂದೇ ಮುಂಜಾನೆ ಎರೆದುಕೊಳ್ಳೋಣ ಎಂದು ಊರೇ ಹಿಗ್ಗಿತು. ಇನ್ನೂರು ಬಚ್ಚಲುಗಳ ಹಬೆ ಒಟ್ಟಿಗೆ ಎದ್ದು ಆ ತಗಡುಗಳಿಗೆ ಹೋಯಿತು.

ಕರಗಿಸುವ ಏರ್ಪಾಡು ಸೋತು, ತಗಡುಗಳ ಸಂದೆಲ್ಲ ಹಿಮದಿಂದ ಮುಚ್ಚಿಹೋಯಿತು. ಬಿಸಿ ಸಿಗದ ಹೊರಗಾಳಿ ಹಾಗೇ ನುಗ್ಗಿದರೆ ಒಳಗಿನ ನೀರಿನ ಕೊಳವೆಗಳು ಸಿಡಿಯುತ್ತವೆ. ಆದ್ದರಿಂದ ನೀವು ಕಲಿಸಿದಂತೆಯೇ ಯಂತ್ರವು ಹೊರಗಾಳಿಯ ಕದವನ್ನು ತಾನೇ ಮುಚ್ಚಿಕೊಂಡಿತು. ಅದು ತನ್ನನ್ನು ಉಳಿಸಿಕೊಂಡಿತು. ನಮ್ಮ ಕೂಸುಗಳು ಆರತಿಗೆ ಕುಳಿತಲ್ಲೇ ತೂಕಡಿಸತೊಡಗಿದವು.

ತಗಡುಗಳ ಹಿಮ ಕೆರೆಯಲು ತೆರೆಯುವ ಬಾಗಿಲನ್ನು ನೀವು ಹೊರಗೋಡೆಯಲ್ಲಿ ಇಟ್ಟಿದ್ದೀರಿ. ಒಳಗಿನ ಬೆಚ್ಚನೆಯ ಜಾಗ ದುಬಾರಿ, ಅದನ್ನು ಉಳಿಸಬೇಕು ಎಂದಿರಬೇಕು. ಅಮರಗುಂಡ ಆಗ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದರು. ಉಸಿರುಮನೆಯ ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೆ ಎದ್ದು, ಎಣ್ಣೆಮೈಯ ಮೇಲೆಯೇ ಕೈಗೆ ಸಿಕ್ಕ ಉಣ್ಣೆಯ ಅಂಗಿ ಎಳೆದುಕೊಂಡರು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ತಲಿಗೆ ಎಣ್ಣಿ ಹಚಗೊಂಡು ಹೊರಗ ಹೋಗಬಾರ್ದಪಾ, ಎರಕೊಂಡು ಹೋಗು" ಎಂದರು. "ಎರಕೊಳ್ಳಾಕ ಮದಲ ಉಸುರು ಇರಬೇಕಲ್ಲ ಯವ್ವಾ" ಎಂದು ಇವರು ನಕ್ಕರು. ನನ್ನ ಕಡೆ ತಿರುಗಿ, "ನೀರು ಆರಗೊಡಬ್ಯಾಡ, ಈಗ ಬಂದೆ" ಎಂದರು.

ನಾನು ನೀರು ಆರಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಲ್ಲಿ ಗಾಳಿ ಸುಯ್ಯೆಂದಿತು. ಕೂಸುಗಳು ಕಣ್ಣು ಬಿಟ್ಟು ಅತ್ತವು, ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆರತಿಯ ತಟ್ಟೆ ಹಿಡಿದು ಕಾದೆ. ಹುಡುಕಲು ಹೋದವರಿಗೆ ಅವರು ಆ ಬಾಗಿಲ ಬುಡದಲ್ಲೇ ಸಿಕ್ಕರು. ಹಿಮವನ್ನೆಲ್ಲ ಕೆರೆದು, ಬಾಗಿಲನ್ನು ಭದ್ರವಾಗಿ ಮುಚ್ಚಿ, ಅಗುಳಿ ಹಾಕಿದ್ದರು. ಆ ಬಾಗಿಲು ಭದ್ರವಾಗುವ ತನಕ ಯಂತ್ರ ಹೊರಗಾಳಿಯ ಕದ ತೆರೆಯುವುದಿಲ್ಲ, ಹಾಗೆ ಮುಚ್ಚದಿದ್ದರೆ ನಮಗೆ ಗಾಳಿ ಬರುತ್ತಿರಲಿಲ್ಲ. ಆ ಬಿಸಿನೀರಿನಲ್ಲೇ ಅವರಿಗೆ ಕೊನೆಯ ಸ್ನಾನ ಮಾಡಿಸಿದೆವು. ತಲೆಯ ಎಣ್ಣೆ ಗಟ್ಟಿಯಾಗಿ ಕೂತಿತ್ತು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಸಾಕು ಬಿಡವ್ವ ಎಂದು ಅತ್ತೆಯೇ ನನ್ನ ಕೈ ಹಿಡಿದರು. ಅಂದಿನಿಂದ ಈ ಊರಿನ ಗಾಳಿ ನನಗೆ ಗಂಟಲಿನಿಂದ ಕೆಳಗಿಳಿಯುತ್ತಿಲ್ಲ.

ನಿಮ್ಮನ್ನು ಬಯ್ಯಲು ಇದನ್ನು ಬರೆಯಲಿಲ್ಲ. ಬಯ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಂದೇ ಬೇಡಿಕೆ. ಆ ಬಾಗಿಲನ್ನು ಒಳಗೋಡೆಗೆ ಇಡಿ. ಒಂದು ಮೊಳ ಜಾಗ ಹೆಚ್ಚು ಹೋಗುತ್ತದೆ, ಹೋಗಲಿ. ಒಬ್ಬ ಮನುಷ್ಯ ಬೆಚ್ಚಗೆ ನಿಂತು ಹಿಮ ಕೆರೆಯುವಷ್ಟು ಎಡೆ ಬಿಡಿ.

ನೀವು ಹಾಗೆ ಮಾಡಿದರೆ ಈ ಪತ್ರವನ್ನು ನಾನು ಬರೆದಿರುವುದೇ ಇಲ್ಲವೆಂದು ತಿಳಿದವರು ಹೇಳುತ್ತಾರೆ. ನಿಮಗೆ ಕೃತಜ್ಞತೆ ಹೇಳುವವಳೂ ಇರುವುದಿಲ್ಲ, ಅದಕ್ಕಾಗಿ ಈಗಲೇ ಹೇಳಿಬಿಡುತ್ತೇನೆ. ಅಮರಗುಂಡ ಹಿಮ ಕೆರೆದು, ಕೈ ಒರೆಸಿಕೊಳ್ಳುತ್ತ ಬಚ್ಚಲಿಗೆ ಬರಲಿ. ಬಾಗಿಲಿನ ಹೊಣೆ ನಿಮ್ಮದು. ನೀರು ಆರದಂತೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಅಮರಗುಂಡರ ನೀಲಾಂಬಿಕೆ