ಉರಿ ನಿಂತದ್ದು ಯಾಕೆ

೧೪ ಆಗಸ್ಟ್ ೨೦೦೩, ಗುರುವಾರ, ಹೊಳಲ್ಕೆರೆ

ಜಂಪಣ್ಣನ ವಿಟಮಿನ್ ಮಾತ್ರೆಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮವರ ಚಿಕ್ಕಪ್ಪನ ಮಗನಾದರೇನು, ಮಾರುವವನು ಮಾರುವವನೇ. ಆದರೂ ಸಕ್ಕರೆ ಕಾಯಿಲೆಯಿಂದ ಪಾದ ಉರಿದು ನಿದ್ದೆಗೆಟ್ಟಿದ್ದೆ, ನುಂಗಿದೆ. ಈ ವಾರ ಉರಿ ನಿಂತೇಹೋಯಿತು.

ಸಂಜೆ ಅವನೇ ಬಂದ. "ನೋಡ್ರಿ ಅತ್ತಿಗೆ, ನರಕ್ಕೆ ಬಲ ಬಂದೈತೆ. ನಂಗೂ ಸಕ್ಕರೆ ಕಾಯಿಲೆ ಐತಲ್ಲ, ನಾನೂ ಇದನ್ನೇ ತಗಳ್ಳೋದು. ನಂಗೂ ಉರಿ ಹೋತು," ಎಂದ.

ಅವನು ಒಳಗೆ ನಡೆದು ಬಂದ ಕಡೆಯೆಲ್ಲ ನೆಲದ ಮೇಲೆ ರಕ್ತದ ಕಲೆ. ಹಿಮ್ಮಡಿಯಲ್ಲಿ ಜಾಲಿಮುಳ್ಳು ಬುಡದವರೆಗೂ ಹೊಕ್ಕಿತ್ತು.

"ಜಂಪಣ್ಣ, ಕಾಲು ನೋಯ್ತಿಲ್ವೇನಪ್ಪ?"

ಬಗ್ಗಿ ನೋಡಿ ಅವನೇ ಬೆಚ್ಚಿಬಿದ್ದ. ಯಾವಾಗ ಚುಚ್ಚಿತೋ ಅವನಿಗೇ ಗೊತ್ತಿರಲಿಲ್ಲ. ಮುಳ್ಳು ತೆಗೆದು ಬಟ್ಟೆ ಕಟ್ಟಿದೆ. ಕುಂಟದೆಯೇ ನಡೆದು ಹೋದ.

ಆಮೇಲೆ ನಾನು ಕಣ್ಣು ಮುಚ್ಚಿ ಕೂತು, ಕಾಲ್ಬೆರಳು ಮುಟ್ಟು ಅಂತ ಮಗಳು ಅನುಸೂಯಳಿಗೆ ಹೇಳಿದೆ. ಕಾದೆ, ಕಾದೆ.

"ಯಾಕೆ, ಮುಟ್ಟಲ್ವೇನೇ?"

"ಆಗ್ಲಿಂದ ಹಿಡ್ಕಂಡೇ ಇದೀನಲ್ಲಮ್ಮ."

ನಾಳೆ ಸ್ವಾತಂತ್ರ್ಯ ದಿನ, ಡಾಕ್ಟರು ಸಿಗುವುದಿಲ್ಲ. ಶನಿವಾರ ಮೊದಲ ಬಸ್ಸಿಗೇ ದುರ್ಗಕ್ಕೆ ಹೋಗಬೇಕು. ಅನುಸೂಯ ಮಲಗಿದ್ದಾಳೆ. ನಾನು ಪಾದ ತಿಕ್ಕುತ್ತಾ ಕೂತಿದ್ದೇನೆ. ಒಂದಿಷ್ಟಾದರೂ ಉರಿಯಲಿ ದೇವರೇ, ಒಂದೇ ಒಂದು ಬೆರಳಾದರೂ...